ಮೊಲ ಮರಳುವ ಜಾಗ

ಹೆನ್ನಿಂಗ್ ತೀರಿಕೊಂಡ ಮೇಲೆ ಅವನ ಅಕ್ಕನ ಮಗ
ಕೋವಿ ಮಾರಿದ, ದೋಣಿ ಮಾರಿದ,
ನಾಯಿಯನ್ನು ಮಾತ್ರ ನನ್ನ ಟಪಾಲು ಗಾಡಿಯ ಹಿಂದಿನ ಸೀಟಿಗೆ ಹತ್ತಿಸಿ
'ನಿನಗೆ ಇದರ ಪರಿಚಯ ಉಂಟಲ್ಲ' ಎಂದ.
ಉಂಟು. ಆರು ವರ್ಷ, ವಾರಕ್ಕೆ ಐದು ದಿನ
ಅದರಿಂದ ಬೊಗಳಿಸಿಕೊಂಡವಳು ನಾನು.

ಹೆಸರು ಸ್ಕ್ರೆಲ್ಲ. ಗದ್ದಲ ಎಬ್ಬಿಸು ಎಂದು ನಮ್ಮ ಮಾತಿನಲ್ಲಿ ಅದರ ಅರ್ಥ.
ಕಪ್ಪು ಮೈ, ಕಣ್ಣಿನ ಮೇಲೆ ಎರಡು ಕಂದು ಬೊಟ್ಟು,
ನಾಲ್ಕು ಕಾಲಿಗೂ ಕಂದು ಕಾಲುಚೀಲ.
ಬಾಲ ಹುಟ್ಟಿನಿಂದಲೇ ಮೊಟಕು;
ಕೊಯ್ದದ್ದಲ್ಲ, ಕಳೆದುಕೊಂಡದ್ದಲ್ಲ.
ನಾಯಿ ಬಾಲದ ಡೊಂಕು ತಿದ್ದ ಹೊರಟವರಿಗೆ
ಇವಳ ಹತ್ತಿರ ಕೆಲಸವಿಲ್ಲ.

'ಯಾರೋ ಬ್ಯಾರನ್ನಿಗೆ ಈ ಮೊಟಕು ಬಾಲ ಹಿಡಿಸಿತಂತೆ,'
ಹೆನ್ನಿಂಗ್ ಕಲ್ಲುಗೋಡೆಗೆ ಒರಗಿ ಶುರುಮಾಡುತ್ತಿದ್ದ,
ನನ್ನ ಗಾಡಿಯ ಎಂಜಿನ್ ಗುರುಗುಟ್ಟುತ್ತಿದ್ದರೂ.
'ಅದಕ್ಕೂ ಮುಂಚೆ, ದಂಡಿನಿಂದ ಮರಳಿದ ಸಿಪಾಯಿಗಳು
ಗಾಯದ ಜೊತೆಗೆ ಪರದೇಶದ ನಾಯಿಗಳನ್ನೂ ತಂದರು.
ಬೇಟೆ ಆಗ ಧಣಿಗಳದ್ದು. ನಮ್ಮ ಪಾಲಿಗೆ ಸ್ಮೋಲಾಂಡಿನ ಕಲ್ಲು:
ಹೆಕ್ಕಿದಷ್ಟೂ ಬೆಳೆಯುವುದು ಅದೊಂದೇ.
ಆಮೇಲೊಬ್ಬ ರಾಜ ಸಹಿ ಹಾಕಿದ,
ರೈತನೂ ತನ್ನ ನೆಲದ ಮೊಲ ಹೊಡೆಯಬಹುದು ಎಂದು.
ಅಷ್ಟರೊಳಗೆ ಬಂಗಲೆಯ ನಾಯಿ ನಮ್ಮ ಅಂಗಳದ ನಾಯಿಯೊಡನೆ
ಗೋಡೆ ಹಾರಿ ಬೀಗತನ ಮಾಡಿ ಆಗಿತ್ತು.
ಮೂಗು ಧಣಿಯದ್ದು, ಹಸಿವು ನಮ್ಮದು. ಇವಳು ಹುಟ್ಟಿದ್ದು ಹೀಗೆ.'
ಎಷ್ಟು ನಿಜವೋ, ಎಷ್ಟು ಕಟ್ಟಿದ್ದೋ.
ಹೆನ್ನಿಂಗ್ ಹಿಡಿದ ಮೊಲಕ್ಕೆ ಮೂರೇ ಕಾಲು.

ಇವಳು ಅಟ್ಟುವ ಮೊಲಕ್ಕೆ ನಾಲ್ಕೂ ಉಂಟು.

ಅಕ್ಟೋಬರ್ ಬಂತು. ತಟ್ಟೆ ಮುಟ್ಟಲಿಲ್ಲ,
ಟಪಾಲು ಚೀಲದ ಪಟ್ಟಿ ಅಗಿದು ಎರಡು ಮಾಡಿದಳು,
ರಾತ್ರಿಯಿಡೀ ಬಾಗಿಲ ಸಂದಿಗೆ ಮೂಗಿಟ್ಟು
ಕಾಡನ್ನು ಒಳಗೆಳೆದುಕೊಂಡಳು.
ಅಕ್ಕನ ಮಗ ಫೋನಿನಲ್ಲಿ 'ಕಾಡು ಇನ್ನೂ ಮಾರಿಲ್ಲ, ಬಿಡು' ಎಂದ.
ಬಿಟ್ಟೆ.

ಹಿಂಡಿಲ್ಲ, ಸಂಗಡಿಗರಿಲ್ಲ. ಒಬ್ಬಳೇ.
ಕಾಲು ಗಂಟೆ ಏನೂ ಇಲ್ಲ, ಪಾಚಿಯಿಂದ ನೀರು ತೊಟ್ಟಿಕ್ಕುವುದು ಬಿಟ್ಟು.
ಆಮೇಲೆ ದೂರದಲ್ಲಿ ಯಾರೋ ತಾಮ್ರದ ಹಂಡೆ ಬಡಿದ ಹಾಗೆ
ಒಂದು; ಇನ್ನೊಂದು; ಆಮೇಲೆ ಬಿಡುವಿಲ್ಲ.
ನನ್ನ ಗೇಟಿನ ಬಳಿ ಕೇಳಿದ ಬೊಗಳು ಅದಲ್ಲ.
ಸ್ಪ್ರೂಸ್ ಮರಗಳ ಆಚೆ, ಜೌಗಿನ ಆಚೆ, ಕ್ಷೀಣ, ಮತ್ತೆ ಜೋರು.
ನಡುವೆ ಮೌನ: ಮೊಲ ಹೆಜ್ಜೆ ಹಿಂದಿಟ್ಟು ಪಕ್ಕಕ್ಕೆ ಜಿಗಿದಿರಬೇಕು.
ಇವಳಿಗೆ ಸಿಟ್ಟಿಲ್ಲ, ಅವಸರವಿಲ್ಲ. ಲೆಕ್ಕ ತಪ್ಪಿದಲ್ಲಿಂದ
ಮತ್ತೆ ಮೂಗಿನಿಂದ ಕೂಡಿಸುತ್ತಾಳೆ.

ಮೊಲ ಎಬ್ಬಿಸಿದ ಜಾಗಕ್ಕೇ ಸುತ್ತಿ ಬರುತ್ತದೆ,
ಹೆನ್ನಿಂಗ್ ಹೇಳಿದ್ದು. ನಿಂತವನು ನಿಂತಿರಬೇಕು, ಅಷ್ಟೇ.
ನಿಂತಿದ್ದೆ. ಕೈಯಲ್ಲಿ ಥರ್ಮಾಸ್.
ಬಂತು. ಪಾದ ಮಾತ್ರ ಆಗಲೇ ಬೆಳ್ಳಗಾಗಿತ್ತು,
ಚಳಿಗಾಲವನ್ನು ತುಳಿದು ಬಂದಂತೆ.
ನನ್ನನ್ನು ನೋಡಿತು, ಮರದ ಬೊಡ್ಡೆಯನ್ನು ನೋಡಿದ ಹಾಗೆ,
ಹೋಯಿತು.

ಮೂರು ನಿಮಿಷಕ್ಕೆ ಸ್ಕ್ರೆಲ್ಲ. ನಿಂತಳು.
ನೆಲ ಮೂಸಿದಳು, ನನ್ನ ಕೈ ನೋಡಿದಳು,
ಇಲ್ಲಿ ಒಂದು ಸದ್ದು ಆಗಬೇಕಿತ್ತಲ್ಲ ಎಂಬಂತೆ.
ನನಗೆ ತಿಳಿದದ್ದು ಮಾಡಿದೆ: ಒಮ್ಮೆ ಚಪ್ಪಾಳೆ ತಟ್ಟಿದೆ.
ಉಣ್ಣೆಯ ಗವಸು. ಅದಕ್ಕೂ ಸದ್ದಿಲ್ಲ.
ಅಷ್ಟು ಹೊತ್ತು ಯಾರೂ ನನ್ನನ್ನು ನೋಡಿದ್ದಿಲ್ಲ.

ಸಂಜೆ ಒಲೆಯ ಮುಂದೆ ಜೋತ ಕಿವಿ ಮಗುಚಿ ಒರೆಸಿದೆ.
ಒಳಮಡಿಕೆಯಲ್ಲಿ ಲಿಂಗನ್ ಹಣ್ಣಿನಷ್ಟು ದಪ್ಪದ ಉಣ್ಣಿ, ತಿರುಚಿ ಕಿತ್ತೆ.
ಬೆರಳ ಸಂದಿಯ ಮಂಜು ಬಿಡಿಸಿದೆ, ಅಂಗಾಲಿಗೆ ಕೊಬ್ಬು ಸವರಿದೆ,
ಒಡೆದ ಉಗುರಿಗೆ ನೂಲು ಸುತ್ತಿದೆ; ಅದನ್ನು ತಿಂದಳು.
ತಟ್ಟೆಯನ್ನೂ ಖಾಲಿ ಮಾಡಿದಳು, ಕೊನೆಗೂ.
ನಿದ್ದೆಯಲ್ಲಿ ನಾಲ್ಕು ಕಾಲೂ ಓಡುತ್ತಿದ್ದವು,
ಗಂಟಲಲ್ಲಿ ಹಂಡೆಯ ಸಣ್ಣ ದನಿ.

ಬೇಟೆ ಪರವಾನಗಿಯ ಪರೀಕ್ಷೆಗೆ ಅರ್ಜಿ ತರಿಸಿದ್ದೇನೆ.
ಗುರುವಾರ ಟಪಾಲಿನಲ್ಲಿ ಬಂತು; ನನ್ನ ಡಬ್ಬಿಗೆ
ನಾನೇ ಹಾಕಿದೆ, ಇಳಿದು ಹೋಗಿ ನಾನೇ ತೆಗೆದೆ.
ಇನ್ನೂ ಒಡೆದಿಲ್ಲ.
ಸ್ಕ್ರೆಲ್ಲ ಮೂಸಿ ನೋಡಿ
ಅದರ ಮೇಲೆ ಗದ್ದ ಇಟ್ಟು ಮಲಗಿದ್ದಾಳೆ.