ಒಲೆಯಿಲ್ಲದ ಕೋಣೆ

"ಮೆಜೆಸ್ಟಿಕ್ ಬಾಜೂಕ ಲಾಡ್ಜ್ ಹಿಡೀರಿ ವೈನಿ,
ಎಲ್ಲಾ ಬಸ್ಸೂ ಕಾಲಬುಡಕ"
ಅಂದಿದ್ದ ಮೈದುನ ಅಮರೇಗೌಡ. ಕೇಳಲಿಲ್ಲ ನಾನು.
ಗಿರಿನಗರದ ಅಡ್ಡರಸ್ತೆಯೊಂದರಲ್ಲಿ
ಮಹಡಿ ಮೇಲಿನ ಕೋಣೆ ಹಿಡಿದೆ.
ಕೆಳಗೆ ಹೊಲಿಗೆ ಮಷೀನಿನ ಪುಟ್ಟಲಕ್ಷ್ಮಿ,
ಕಿಟಕಿಗೆ ತಾಕುವ ಹೊಂಗೆ.

ಊರು ನೋಡಲಿಕ್ಕೆಂದೇ ಬಂದವಳು.
ಪರ್ಸಿನಲ್ಲಿ ಪಟ್ಟಿ: ಅರಮನೆ, ಲಾಲ್‌ಬಾಗ್,
ಮೆಟ್ರೋದಲ್ಲಿ ಒಮ್ಮೆ ಈ ತುದಿಯಿಂದ ಆ ತುದಿ.
ನೋಡಿದೆ. ಚೆನ್ನಾಗಿತ್ತು. ಕಾಲು ಬಾತವು.
ಸಂಜೆ, ತಿರುವಿನ ಇಸ್ತ್ರಿ ಗಾಡಿಯ ಕೆಂಡ ಕಂಡರೆ ಸಾಕು,
ಚಪ್ಪಲಿ ತಾನೇ ಸಡಿಲಾಗುತ್ತಿತ್ತು.

ಮೊದಲ ರಾತ್ರಿ ಎದುರುಮನೆ ನಾಯಿ
ನನ್ನ ನೆರಳಿಗೂ ಬೊಗಳಿತು.
ಎರಡನೆಯ ರಾತ್ರಿ
ಎದ್ದು ನಿಂತು, ಯೋಚಿಸಿ,
ಒಂದೇ ಸಲ.

ಮೂರನೆಯ ದಿನ ಮ್ಯೂಸಿಯಂ ಬಾಕಿಯಿತ್ತು.
ಮೆಟ್ಟಿಲ ಮೇಲೆ ಕೂತು
ಪುಟ್ಟಲಕ್ಷ್ಮಿ ಹೊಲಿದ ರವಿಕೆಗಳಿಗೆ ಹುಕ್ಕು ಹಚ್ಚಿದೆ,
ಯಾರ ಮದುವೆಯದೋ, ಕೇಳಲಿಲ್ಲ.
ಸೊಪ್ಪಿನವನು ಗಾಡಿ ನಿಲ್ಲಿಸಿ
"ಎಷ್ಟು ಕಟ್ಟು ಅಮ್ಮಾ?" ಅಂದ, ದಿನಾ ಕೊಡುವವನ ಹಾಗೆ.
ಒಲೆಯಿಲ್ಲದ ಕೋಣೆಯವಳು
ಎರಡು ಕಟ್ಟು ಮೆಂತ್ಯ ಕೊಂಡೆ.

ರಾತ್ರಿ ಸಿಂಧನೂರಿನ ಬಸ್ಸು.
ಕೈಯಲ್ಲಿ ಬ್ಯಾಗು, ಕಂಕುಳಲ್ಲಿ ಮೆಂತ್ಯ,
ಗೇಟು ಸದ್ದಾಗದಂತೆ ಎಳೆದೆ.
ನಾಯಿ ತಲೆ ಎತ್ತಲೇ ಇಲ್ಲ.