ಸಹಜ ಸವಕಳಿ

ಕೋರ್ಟಿನ ಕಾಂಪೌಂಡಿಗೆ ಒರಗಿದ ನನ್ನ ಮೇಜಿಗೆ
ನಾಲ್ಕು ಕಾಲು, ಒಂದರ ಕೆಳಗೆ ಇಟ್ಟಿಗೆ ಚೂರು.
ಹತ್ತೊಂಬತ್ತು ವರ್ಷದಿಂದ ಶಿವಮೊಗ್ಗದ ಮನೆಗಳನ್ನು
ಹನ್ನೊಂದು ಹನ್ನೊಂದು ತಿಂಗಳಾಗಿ ಕತ್ತರಿಸಿ
ಛಾಪಾ ಕಾಗದಕ್ಕೆ ಇಳಿಸಿದ್ದೇನೆ.
ಗೋಪಾಳದ ಔಟ್‌ಹೌಸು, ಸೀಗೆಹಟ್ಟಿಯ ಒಂಟಿ ಕೋಣೆ,
ವಿನೋಬನಗರದ ಮಹಡಿ, ನೀರು ದಿನ ಬಿಟ್ಟು ದಿನ.
ಎಲ್ಲಕ್ಕೂ ಅದೇ ವಾಕ್ಯ:
ಒಂದನೇ ಪಾರ್ಟಿಯವರು ಕೊಟ್ಟರು,
ಎರಡನೇ ಪಾರ್ಟಿಯವರು ಒಪ್ಪಿದರು.

ನಾನೂ ಎರಡನೇ ಪಾರ್ಟಿಯೇ.
ತಿಲಕನಗರ, ಎರಡನೇ ತಿರುವು,
ಸರ್ವಮಂಗಳಮ್ಮನವರ ಹಿಂಬದಿ ಮನೆ.
ನನ್ನ ಕರಾರು ನಾನೇ ಟೈಪು ಮಾಡಿದೆ.
ಐದನೇ ಕಲಮು: ಬಾಡಿಗೆ ಏರಿಕೆ ವರ್ಷಕ್ಕೆ ನೂರಕ್ಕೆ ಐದು.
ಒಂಬತ್ತು: ಮುಂಗಡ ಅರವತ್ತು ಸಾವಿರ, ಮನೆ ಬಿಡುವ ದಿನ ವಾಪಸು,
ಹಾನಿಯಾಗಿದ್ದರೆ ಅದರ ಖರ್ಚು ಮುರಿದುಕೊಂಡು.
ಅದರ ಬಾಲಕ್ಕೆ ಮೂರು ಪದ, ಯಾರೂ ಕೇಳದೆ ನಾನು ಸೇರಿಸಿದ್ದು:
ಸಹಜ ಸವಕಳಿ ಹೊರತುಪಡಿಸಿ.
ಅವರು ಕನ್ನಡಕ ಹುಡುಕದೆ ಸಹಿ ಹಾಕಿದರು.

ಆರು ವರ್ಷ.
ಯುಗಾದಿ ಕಳೆದ ವಾರ ಬಾಗಿಲಿಗೆ ಬಂದು,
'ನೋಡು ಕಲಾವತಿ, ಎದುರುಮನೆಗೆ ಹದಿಮೂರು ಬರ್ತಿದೆ,
ನಿಂದು ಇನ್ನೂ ಎಂಟರಲ್ಲೇ ಕೂತಿದೆ.'
ಬಾಡಿಗೆಗೂ ಕೂರಲು, ಏಳಲು ಬರುತ್ತದೆಂದು
ಅವತ್ತು ಗೊತ್ತಾಯಿತು.
ಐದನೇ ಕಲಮು ಹೇಳಿದೆ.
'ಕಲಮು ಗಿಲಮು ಕೋರ್ಟಲ್ಲಿಟ್ಕೋ.
ನನ್ನ ಮಂಡಿ ಆಪರೇಷನ್ನಿಗೆ ಡಾಕ್ಟರು
ನೂರಕ್ಕೆ ಐದು ಅಂತಾರಾ?'
ನನ್ನ ಹತ್ತಿರ ಉತ್ತರವಿರಲಿಲ್ಲ. ಈಗಲೂ ಇಲ್ಲ.
ಅವರ ಮಂಡಿ ಸವೆದದ್ದು ನಿಜ.
ಮೆಟ್ಟಿಲ ಮೇಲೆ ಆ ಸದ್ದನ್ನು ಆರು ವರ್ಷ ಕೇಳಿದವಳು ನಾನು.

ಬಿಡುವ ದಿನ ಗೋಡೆಗೆ ಟಾರ್ಚು ಹಿಡಿದರು.
ಮೊಳೆ ತೂತು ಹದಿನಾಲ್ಕು, ಒಂದಕ್ಕೆ ನೂರೈವತ್ತು.
ಸುಣ್ಣ ಬಣ್ಣ ಹದಿನೆಂಟು ಸಾವಿರ.
ಸ್ವಿಚ್ಚಿನ ಸುತ್ತ ಬೆರಳ ಕಪ್ಪು, ಅದಕ್ಕೂ ದರ.
ಅವ್ವ ಗೋಡೆಗೊರಗಿ ಕೂರುತ್ತಿದ್ದಲ್ಲಿ
ಹರಳೆಣ್ಣೆಯ ದುಂಡು ಕಲೆ, ತಲೆಯಷ್ಟೇ ಅಗಲ.
ಅವ್ವ ಹೋಗಿ ಎರಡು ವರ್ಷ. ಕಲೆ ಹೋಗಿಲ್ಲ.
'ಇದು ಸವಕಳಿಯಲ್ಲ, ಕೊಳೆ' ಅಂದರು.
ಕರಾರು ಬಿಚ್ಚಿ ಒಂಬತ್ತನೆಯದನ್ನು ಓದಿದೆ.
ಈಗ ಕನ್ನಡಕ ಹುಡುಕಿದರು.
'ಸಹಜ' ಎಂಬಲ್ಲಿ ಬೆರಳಿಟ್ಟು ಬಹಳ ಹೊತ್ತು ನಿಂತರು.
'ಯಾರು ಬರೆದದ್ದು ಇದು?'
'ನಾನೇ.'
'ಹಾಗಾದ್ರೆ ಮೋಸ.'
'ಸಹಿ ನಿಮ್ಮದು.'

ಸಂಜೆವರೆಗೆ ಎಳೆದಾಟ. ನಡುವೆ ಒಮ್ಮೆ ಕಾಫಿ ಕೊಟ್ಟು
ಲೋಟ ಎಣಿಸಿ ಒಳಗಿಟ್ಟರು.
ಕೈಗೆ ಬಂದದ್ದು ನಲವತ್ತೊಂಬತ್ತು ಸಾವಿರ.
ಉಳಿದದ್ದು ಹನ್ನೊಂದು. ಇಲ್ಲೂ ಹನ್ನೊಂದೇ.
ಗೆದ್ದೆ ಎನ್ನಲಾರೆ. ಬೀಗದ ಕೈ ಕಿಟಕಿಯಲ್ಲಿಟ್ಟು ಬಂದೆ.

ಒಂಬತ್ತು ದಿನಕ್ಕೆ ಅವರ ಅಕ್ಕನ ಮಗ
ಒಬ್ಬ ಹುಡುಗಿಯನ್ನು ಕರೆದುಕೊಂಡು ನನ್ನ ಮೇಜಿಗೇ ಬಂದ.
ನನ್ನ ಮುಖ ಅವನಿಗೆ ಗೊತ್ತಿಲ್ಲ,
ಮೇಜು ಗೇಟಿಗೆ ಹತ್ತಿರ, ಅಷ್ಟೆ.
ಪ್ರೆಸಿಲ್ಲಾ ಡಿಸೋಜ, ಮೆಗ್ಗಾನ್ ಆಸ್ಪತ್ರೆಯಲ್ಲಿ ನರ್ಸು.
ತಿಲಕನಗರ, ಎರಡನೇ ತಿರುವು, ಹಿಂಬದಿ ಮನೆ.
ಬಾಡಿಗೆ ಹದಿಮೂರು. ಮುಂಗಡ ಒಂದು ಲಕ್ಷ.
ಬೆರಳು ನಿಂತವು.
ಕೀಲಿಮಣೆಯ ಅಕ್ಷರಗಳು ಅಳಿಸಿ ಯಾವ ಕಾಲವಾಯಿತೋ,
ಯಾವುದೆಲ್ಲಿದೆ ಎಂದು ಬೆರಳಿಗಷ್ಟೇ ಗೊತ್ತು.
ಇದನ್ನು ಯಾರ ಮುಂಗಡದಲ್ಲಿ ಮುರಿದುಕೊಳ್ಳಲಿ?

ಅವನು ಫೋನು ಬಂತೆಂದು ಆಚೆ ಹೋದಾಗ
ಮೆಲ್ಲಗೆ ಅಂದೆ: 'ಸಾಮಾನು ಇಳಿಸೋ ಮೊದಲೇ
ಗೋಡೆ ಫೋಟೊ ತೆಕ್ಕೊ, ತಾರೀಕು ಕಾಣೋ ಹಾಗೆ.
ಹದಿನಾಲ್ಕು ತೂತಿವೆ, ಅವು ನಿನ್ನವಲ್ಲ.'
'ಹೌದಕ್ಕ, ಬಣ್ಣಾನೇ ಹೊಡೆಸಿಲ್ಲ.
ಒಂದು ದುಂಡು ಎಣ್ಣೆ ಕಲೆಯೂ ಇದೆ.
ಅಲ್ಲಿಗೇ ಮಂಚ ಹಾಕ್ತೀನಿ ಬಿಡಿ.'

ಒಂಬತ್ತನೇ ಕಲಮು ಈ ಸಲ ಉದ್ದವಾಯಿತು.
ಸಹಜ ಸವಕಳಿ ಹೊರತುಪಡಿಸಿ, ಅಂದರೆ
ಮೊಳೆಯ ತೂತು, ಬೆರಳಿನ ಗುರುತು,
ಗೋಡೆಗೆ ಒರಗಿದ ತಲೆ.
ಅವನು ಬಂದು ಓದದೆ ಮಡಚಿಕೊಂಡ.
ಎರಡು ಪುಟ. ಅರವತ್ತು ರೂಪಾಯಿ.