ನೀರು ಕುಡಿದು ಗಟ್ಟಿಯಾಗುವುದು

ಹಾಸನದ ಸಾಲಗಾಮೆ ರಸ್ತೆ, ಮಹಡಿ ಮೇಲೆ ನನ್ನ ಕ್ಲಿನಿಕ್ಕು.
ಇನ್ನಾಸಪ್ಪ ಮಗಳನ್ನು ಕರೆತಂದಾಗ
ಅವನ ಉಗುರಿನಲ್ಲಿ ಗಾರೆ ಇನ್ನೂ ಹಸಿ.

ಸೆಲಿನಾಗೆ ಎಂಟು ವರ್ಷ.
ಶಾಲೆಯ ಬೋರ್‌ವೆಲ್ಲಿನ ಹಿಡಿ ಚಿಮ್ಮಿ ಬಡಿದು
ಮುಂದಿನ ಹಲ್ಲು ಅರ್ಧ ಹೋಗಿ ಆರು ತಿಂಗಳು.
ಈಗ ಒಸಡಿನ ಮೇಲೆ ಸಾಸಿವೆಯಷ್ಟು ಕೀವು.

ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದೆ.
ಬೇರು ಪೂರ್ತಿ ಬೆಳೆಯುವ ಮೊದಲೇ ಒಳಗಿನ ಜೀವ ಸತ್ತಿದೆ.
ತುದಿ ಕೂಡಿಕೊಂಡಿಲ್ಲ, ಗೋಡೆ ಕಾಗದದಷ್ಟು ತೆಳು,
ಏನು ತುಂಬಿದರೂ ಆಚೆಗೆ ಜಾರುತ್ತದೆ.
ಹೇಗೆ ಹೇಳಲಿ ಎಂದು ಹುಡುಕುವಷ್ಟರಲ್ಲಿ ಅವನೇ ಅಂದ:
"ಬೆಡ್ ಹಾಕ್ದೆ ಸಂಪು ಕಟ್ಟಿದಂಗೆ."

ಹೂಂ, ಬೆಡ್ ಹಾಕಬೇಕು. ನಾಲ್ಕು ಮಿಲಿಮೀಟರು.

ಹಳೆಯ ದಾರಿ ಸುಣ್ಣ. ತಿಂಗಳುಗಟ್ಟಲೆ ಬದಲಿಸುತ್ತಾ
ಮೈಯೇ ಒಂದು ತಡೆ ಕಟ್ಟಿಕೊಳ್ಳಲಿ ಎಂದು ಕಾಯುವುದು.
ಕಾಯುವಷ್ಟರಲ್ಲಿ ಬೇರು ಪೆಡಸಾಗಿ
ಒಂದು ದಿನ ಲಟಕ್ಕೆಂದರೂ ಅಂದೀತು.
"ಸುಣ್ಣ ತಿನ್ನದು ನಂಗೊತ್ತು" ಎಂದು ಅಂಗೈ ತೋರಿಸಿದ.

ಇನ್ನೊಂದು ಎಂಟಿಎ. ಮರಳು ಮರಳಾಗಿ ಕಲೆಸಬೇಕು,
ಸೆಟ್ ಆಗಲು ನಾಲ್ಕು ಗಂಟೆ,
ಮೇಲೆ ಒದ್ದೆ ಹತ್ತಿ ಇಟ್ಟು ನಾಳೆ ಬನ್ನಿ ಅನ್ನಬೇಕು.
"ಹತ್ತಿ ಯಾಕೆ?"
ನೀವು ಹೊಸ ಗೋಡೆಗೆ ಗೋಣಿ ಯಾಕೆ ಹೊದಿಸುತ್ತೀರಿ?
ಅವನು ನಕ್ಕುಬಿಟ್ಟ. "ನಮ್ ಸಿಮೆಂಟಾ ಮೇಡಂ ಇದು!"
ನಿಮ್ಮದರ ನೆಂಟ. ಮೂಟೆ ಲೆಕ್ಕದಲ್ಲಿ ಸಿಗುವುದಿಲ್ಲ, ಅಷ್ಟೆ.

ಮೂರನೆಯದು ಬಯೋಡೆಂಟಿನ್. ಕ್ಯಾಪ್ಸೂಲಿಗೆ ಐದು ಹನಿ,
ಯಂತ್ರದಲ್ಲಿ ಅಲುಗಿಸಿದರೆ ಬೆಣ್ಣೆ, ಹನ್ನೆರಡು ನಿಮಿಷಕ್ಕೆ ಬಿಗಿ.
ಎಕ್ಸ್‌ರೇಯಲ್ಲಿ ಮಾತ್ರ ಮಂಕು.
ಎಲ್ಲಿ ಕೂತಿದೆಯೆಂದು ಕಣ್ಣು ಕಿರಿದು ಮಾಡಿ ನೋಡಬೇಕು.

"ಯಾವ್ದು ಬಾಳಿಕೆ?"

ನಾನು ಓದಿದ ಪ್ರಬಂಧಗಳಲ್ಲಿ
ವರ್ಷದ ಕೊನೆಗೆ ಎರಡೂ ಹೆಚ್ಚುಕಡಿಮೆ ಒಂದೇ.
ಹಾಗೆಂದರೆ ಜನ ನಂಬುವುದಿಲ್ಲ,
ಡಾಕ್ಟರಿಗೆ ಗೊತ್ತಿಲ್ಲ ಅಂದುಕೊಳ್ಳುತ್ತಾರೆ.
ಅವನು ನಂಬಿದ.
"ಬೇಗ ಬಿಗಿಯಾಗದ್ನ ನಾ ಒಪ್ಪಲ್ಲ. ನಾಳೆನೇ ಬತ್ತೀವಿ."

ಕುರ್ಚಿಯಲ್ಲಿದ್ದವಳನ್ನು ಯಾರೂ ಕೇಳಿರಲಿಲ್ಲ.
ಅಂಗೈಯಿಂದ ಬಾಯಿ ಮುಚ್ಚಿಕೊಂಡೇ ಕೇಳಿದಳು:
"ಯಾವ್ದು ಕಪ್ಪಾಯ್ತದೆ?"

ಎಂಟಿಎ, ಕೆಲವೊಮ್ಮೆ.
ಇನ್ನಾಸಪ್ಪ ಕಿಟಕಿಯಾಚೆ ನೋಡಿದ.
"ಬಿಳೀದೇ ಹಾಕಿ. ಮಿಕ್ಕಿದ್ದು ಶನಿವಾರ ಬಟವಾಡೆ ಆದ್ಮೇಲೆ ಕೊಡ್ತೀನಿ."

ಹನ್ನೆರಡು ನಿಮಿಷ ಅವನು ಗಡಿಯಾರ ಬಿಟ್ಟು ಕಣ್ಣು ತೆಗೆಯಲಿಲ್ಲ.
ನಾನೂ.

ಮುಂದಿನ ವರ್ಷ ಬಂದರು. ಕೀವಿಲ್ಲ,
ತುದಿಯ ಸುತ್ತಲಿನ ಕರಿ ನೆರಳು ಮೂಳೆಯಾಗಿ ಬೆಳ್ಳಗಾಗಿದೆ.
ಕನ್ನಡಿಯ ಹಿಡಿಯಿಂದ ಹಲ್ಲನ್ನು ತಟ್ಟಿದೆ.
ಅವನು ಬಗ್ಗಿ ಕಿವಿ ಕೊಟ್ಟ, ಟೈಲ್ಸ್ ಬಡಿದು ನೋಡುವವನ ಹಾಗೆ:
"ಟೊಳ್ಳಿಲ್ಲ."

ಗೋಡೆ ಮಾತ್ರ ಅಷ್ಟೇ ತೆಳು. ಅದು ಇನ್ನು ಬೆಳೆಯುವುದಿಲ್ಲ.
ಅದನ್ನೂ ಹೇಳಿದೆ. ಕಬ್ಬು ಕಚ್ಚಬೇಡ, ಎಂದೆ.
ಸೆಲಿನಾ ತಲೆಯಾಡಿಸಿದಳು,
ಕಚ್ಚಿಯೇ ಕಚ್ಚುವವಳ ಹಾಗೆ.